ಬೇಲಿ ಎದ್ದು ಹೊಲ ಮೇಯ್ದಾಗ

ಮನೆಯಲ್ಲಿ ಯಾವುದಾದರೊಂದು ವಸ್ತು ಕೆಟ್ಟುಹೋದರೆ ಅದನ್ನು ಕೊನೆಯ ಸಲ ಮುಟ್ಟಿದವರ ಮೇಲೆಯೇ ಅನುಮಾನ ಬೀಳುವುದು ಲೋಕರೂಢಿ. ಗೋಡೆಯ ಗಡಿಯಾರ ನಿಂತರೆ ಹಿಂದಿನ ದಿನ ಕೀಲಿ ಕೊಟ್ಟವನು ಅಪರಾಧಿ. ಹಾಲು ಒಡೆದರೆ ಒಲೆಯ ಮುಂದೆ ನಿಂತಿದ್ದವಳು ಅಪರಾಧಿ. ಗಡಿಯಾರದೊಳಗಿನ ಚಕ್ರದ ಹಲ್ಲು ಸವೆದಿತ್ತೆ, ಹಾಲು ತಂದ ಪಾತ್ರೆಯಲ್ಲಿಯೇ ಹುಳಿಯ ಸೋಂಕಿತ್ತೆ ಎಂದು ವಿಚಾರಿಸುವ ತಾಳ್ಮೆ ಎಲ್ಲರಿಗೂ ಇರುವುದಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂಬ ಗಾದೆ ಹುಟ್ಟಿದ್ದು ಇಂಥ ಅವಸರದಿಂದಲೇ ಇರಬೇಕು.

ಈ ಗಾದೆ ಕೊಟ್ಟಿಗೆಗೆ ಮಾತ್ರ ಸಲ್ಲತಕ್ಕದ್ದೆಂದು ಭಾವಿಸಬೇಕಾಗಿಲ್ಲ. ಕಂಪ್ಯೂಟರುಗಳನ್ನು ನಡೆಸುವ ಮೇಧಾವಿಗಳ ನಡುವೆಯೂ ಇದು ಚೆನ್ನಾಗಿಯೇ ಬಾಳುತ್ತದೆ. 2008ನೆಯ ಇಸವಿಯ ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ ಅಮೆರಿಕದಲ್ಲಿಯೂ ಯೂರೋಪಿನಲ್ಲಿಯೂ ನಡೆದ ಒಂದು ಶೋಧದ ಕಥೆ ಇದಕ್ಕೆ ಸಾಕ್ಷಿ. ಅದರಲ್ಲಿ ಕೊಲೆಯಿಲ್ಲ, ಕಳ್ಳತನವಿಲ್ಲ; ಆದರೂ ಪತ್ತೇದಾರಿ ಕಾದಂಬರಿಗೆ ಬೇಕಾದ ಸಾಮಗ್ರಿಯೆಲ್ಲ ಉಂಟು: ಹಾನಿಗೊಳಗಾದ ನಿರಪರಾಧಿಗಳು, ಇಲ್ಲದ ಆರೋಪವನ್ನು ಹೊತ್ತ ಆಪಾದಿತ, ಯಾರ ಕಣ್ಣಿಗೂ ಬೀಳದೆ ಸೆಕೆಂಡಿಗೊಮ್ಮೆ ಎದ್ದು ಓಡಾಡುತ್ತಿದ್ದ ಒಬ್ಬ ಕಾವಲುಗಾರ.

ಕಥೆಯ ರಂಗಭೂಮಿಯನ್ನು ಮೊದಲು ಪರಿಚಯ ಮಾಡಿಕೊಳ್ಳುವುದು ಮೇಲು. ಮನೆಯಲ್ಲಿ ಕುಳಿತು ರೈಲಿನ ಟಿಕೆಟ್ಟು ಕಾದಿರಿಸುವ ಗೃಹಸ್ಥರಿಗೂ, ಪರದೇಶದಲ್ಲಿರುವ ಮಗನ ಮುಖವನ್ನು ಪರದೆಯ ಮೇಲೆ ಕಂಡು ಕಣ್ಣೊರೆಸಿಕೊಳ್ಳುವ ತಾಯಿಗೂ ನೆಟ್‌ವರ್ಕ್ ಕಾರ್ಡ್ ಎಂಬುದರ ಪರಿಚಯ ಇರಲಾರದು. ಕಂಪ್ಯೂಟರಿನ ಬದಿಯಲ್ಲಿ ತಂತಿಯ ತುದಿಯನ್ನು ಸಿಕ್ಕಿಸುವ ಚೌಕನೆಯ ಕಂಡಿಯೊಂದಿರುತ್ತದೆಯಷ್ಟೆ. ಆ ಕಂಡಿಯ ಹಿಂದೆ ನಿಂತು, ಹೊರಗಿನ ವಾರ್ತೆಯನ್ನು ಒಳಕ್ಕೂ ಒಳಗಿನ ವಾರ್ತೆಯನ್ನು ಹೊರಕ್ಕೂ ಸಾಗಿಸುವ ಯಂತ್ರಭಾಗವೇ ನೆಟ್‌ವರ್ಕ್ ಕಾರ್ಡ್. ಹಿಂದೆ ಅದು ನಿಜವಾಗಿಯೂ ಒಂದು ಬಿಡಿ ಹಲಗೆಯಾಗಿತ್ತು; ಈಗ ಬಹುಮಟ್ಟಿಗೆ ಮುಖ್ಯ ಹಲಗೆಯ ಮೇಲಿನ ಚಿಪ್ಪೊಂದರಲ್ಲಿ ಅಡಗಿರುತ್ತದೆ. ಹೆಸರು ಮಾತ್ರ ಹಾಗೆಯೇ ಉಳಿದಿದೆ.

ಈ ಕಾರ್ಡು ಅಂಚೆಯವನಿದ್ದಂತೆ. ಆದರೆ ಇವನು ಹೊತ್ತು ತರುವ ಕಾಗದಗಳ ಸಂಖ್ಯೆ ಮಾತ್ರ ಸೋಜಿಗ ಹುಟ್ಟಿಸುವಂಥದು. ಸೆಕೆಂಡಿಗೆ ನೂರು ಕೋಟಿ ಬಿಟ್‌ಗಳನ್ನು ಸಾಗಿಸುವ ತಂತಿಯಲ್ಲಿ, 1518 ಬೈಟ್‌ಗಳ ತುಂಬು ಲಕೋಟೆಗಳೇ ಬಂದರೂ, ಸೆಕೆಂಡಿಗೆ ಸುಮಾರು 81 ಸಾವಿರ ಲಕೋಟೆಗಳು ಬಾಗಿಲಿಗೆ ಬಂದು ಬೀಳುತ್ತವೆ. ಅವನ್ನು ಎತ್ತಿಡಲು ಒಳಗೆ ಸಿದ್ಧವಾಗಿ ಒಬ್ಬರು ಇರಬೇಕಲ್ಲವೆ? ಆ ಒಳಗಿನವನಿಗೆ ಡ್ರೈವರ್ ಎಂದು ಹೆಸರು. ಡ್ರೈವರ್ ಎಂದೊಡನೆ ಖಾಕಿ ಉಡುಪು ತೊಟ್ಟು ಬಸ್ಸು ನಡೆಸುವವನ ಚಿತ್ರ ಕಣ್ಣಮುಂದೆ ನಿಲ್ಲುವುದು ಸಹಜ. ಇಲ್ಲಿನ ಡ್ರೈವರ್ ಮನುಷ್ಯನಲ್ಲ. ಯಾರೋ ಬರೆದಿಟ್ಟ ಆದೇಶಗಳ ಒಂದು ಕಟ್ಟು. ಕಂಪ್ಯೂಟರಿನ ಹೃದಯಭಾಗದಲ್ಲಿ ಕುಳಿತು ಸಮಸ್ತ ವ್ಯವಹಾರವನ್ನೂ ನೋಡಿಕೊಳ್ಳುವ ಮೂಲ ಪ್ರೋಗ್ರಾಮಿಗೆ ಕರ್ನೆಲ್ ಎನ್ನುತ್ತಾರೆ. ಆ ಕರ್ನೆಲ್ಲಿಗೂ ಕಾರ್ಡಿಗೂ ನಡುವಣ ದುಭಾಷಿಯೇ ಡ್ರೈವರ್.

ಡ್ರೈವರ್ ತನ್ನ ಕೆಲಸವನ್ನು ನಡೆಸುವ ರೀತಿ ಸೊಗಸಾಗಿದೆ. ಅದು ಕಂಪ್ಯೂಟರಿನ ಮೆಮೊರಿಯಲ್ಲಿ, ಬಳೆಯಂತೆ ಸುತ್ತಿ ಬರುವ ಗೂಡುಗಳ ಒಂದು ಸಾಲನ್ನು ಮೊದಲೇ ಕಟ್ಟಿಡುತ್ತದೆ. ಸಾಮಾನ್ಯವಾಗಿ 256 ಗೂಡುಗಳು. ಕಾರ್ಡು ಒಂದೊಂದೇ ಲಕೋಟೆಯನ್ನು ಒಂದೊಂದು ಗೂಡಿನಲ್ಲಿ ಇಟ್ಟು, ಇಟ್ಟಿದ್ದೇನೆಂದು ಗುರುತು ಹಾಕಿ, ಕರೆಗಂಟೆ ಬಾರಿಸುತ್ತದೆ. ಡ್ರೈವರ್ ಎದ್ದು ಬಂದು ತುಂಬಿದ ಗೂಡುಗಳನ್ನು ಬರಿದು ಮಾಡಿ ಮತ್ತೆ ಕಾರ್ಡಿನ ವಶಕ್ಕೆ ಒಪ್ಪಿಸುತ್ತದೆ. ಇಬ್ಬರ ನಡುವೆ ಮಾತಿಲ್ಲ; ಗುರುತುಗಳೇ ಮಾತು. ಒಂದು ಗುರುತು ತಪ್ಪಿದರೆ ಲಕೋಟೆ ಕಾಣೆಯಾಗುತ್ತದೆ. ಇಲ್ಲವೆ ಇಡೀ ಯಂತ್ರವೇ ಮರಗಟ್ಟಿ ನಿಲ್ಲುತ್ತದೆ.

ಆದುದರಿಂದಲೇ ಡ್ರೈವರ್ ಬರೆಯುವುದು ಪ್ರೋಗ್ರಾಮುಗಾರರ ಕಸಬಿನಲ್ಲಿ ಕಷ್ಟದ ಕೆಲಸಗಳಲ್ಲೊಂದು. ಲೆಕ್ಕಪತ್ರದ ಪ್ರೋಗ್ರಾಮು ತಪ್ಪಿದರೆ ತಪ್ಪು ಉತ್ತರವಾದರೂ ಕಣ್ಣಿಗೆ ಬೀಳುತ್ತದೆ. ಡ್ರೈವರ್ ತಪ್ಪಿದರೆ ಉತ್ತರ ಹೇಳಬೇಕಾದ ಯಂತ್ರವೇ ಮೂಕವಾಗಿಬಿಡುತ್ತದೆ. ಕಾರ್ಡಿನ ಒಳಗೆ ಏನು ನಡೆಯುತ್ತಿದೆಯೆಂದು ಇಣುಕಿ ನೋಡಲು ಕಿಟಕಿಯಿಲ್ಲ. ಜೊತೆಗೆ ಈಗಿನ ಯಂತ್ರಗಳಲ್ಲಿ ಎರಡೋ ನಾಲ್ಕೋ ಪ್ರೊಸೆಸರುಗಳು ಏಕಕಾಲದಲ್ಲಿ ದುಡಿಯುವುದರಿಂದ, ಇಬ್ಬರು ಒಂದೇ ಬಾಗಿಲಿಗೆ ಒಟ್ಟಿಗೆ ಕೈಯಿಡುವ ಅಪಾಯವೂ ಉಂಟು. ದಿನಕ್ಕೆ ಕೋಟಿಗಟ್ಟಲೆ ಸಲ ಸರಿಯಾಗಿ ನಡೆದದ್ದು ಒಂದು ಸಲ ತಪ್ಪಬಹುದು. ಆ ಒಂದು ಸಲವನ್ನು ಹಿಡಿಯುವುದೇ ಸಾಹಸ.

ಲಿನಕ್ಸ್ ಎಂಬ ಕರ್ನೆಲ್ಲನ್ನು 1991ರಲ್ಲಿ ಆರಂಭಿಸಿದವರು ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ವಿದ್ಯಾರ್ಥಿಯಾಗಿದ್ದ ಲೀನಸ್ ಟೋರ್ವಾಲ್ಡ್ಸ್. ಅದರ ಆದೇಶಗಳ ಮೂಲಪಾಠ ಎಲ್ಲರಿಗೂ ತೆರೆದದ್ದು. ಯಾರು ಬೇಕಾದರೂ ಓದಬಹುದು, ತಿದ್ದಬಹುದು, ತಿದ್ದಿದ್ದನ್ನು ಮೂಲಕ್ಕೆ ಸೇರಿಸಿರೆಂದು ಕಳುಹಿಸಬಹುದು. ಮೊದಮೊದಲು ಅದರ ನೆಟ್‌ವರ್ಕ್ ಡ್ರೈವರುಗಳಲ್ಲಿ ಅನೇಕವನ್ನು ಬರೆದವರು ಡೊನಾಲ್ಡ್ ಬೆಕರ್. ಅವರೂ ಥಾಮಸ್ ಸ್ಟರ್ಲಿಂಗರೂ 1994ರಲ್ಲಿ ಅಮೆರಿಕದ ನಾಸಾ ಸಂಸ್ಥೆಯ ಗಾಡರ್ಡ್ ಕೇಂದ್ರದಲ್ಲಿ 16 ಸಾಮಾನ್ಯ ಕಂಪ್ಯೂಟರುಗಳನ್ನು ತಂತಿಯಿಂದ ಬೆಸೆದು ‘ಬಿಯೊವುಲ್ಫ್’ ಎಂಬ ಗಣನಯಂತ್ರವನ್ನು ಕಟ್ಟಿದಾಗ, ಅಗ್ಗದ ಕಾರ್ಡುಗಳೂ ಒಳ್ಳೆಯ ಡ್ರೈವರ್ ಸಿಕ್ಕರೆ ಎಂಥ ಭಾರವನ್ನು ಹೊರಬಲ್ಲವೆಂಬುದು ಲೋಕಕ್ಕೆ ತಿಳಿಯಿತು. ಕಾಲಕ್ರಮದಲ್ಲಿ ಕಾರ್ಡು ತಯಾರಿಸುವ ಕಂಪನಿಗಳೇ ತಮ್ಮ ಡ್ರೈವರುಗಳನ್ನು ಬರೆದು ಲಿನಕ್ಸಿಗೆ ಕೊಡತೊಡಗಿದವು.

ಇಂಟೆಲ್ ಕಂಪನಿ ಹಾಗೆ ಕೊಟ್ಟ ಡ್ರೈವರುಗಳಲ್ಲಿ ಒಂದರ ಹೆಸರು ‘ಇ1000ಇ’. ಹೆಸರು ಬೀಜಗಣಿತದ ಲೆಕ್ಕದಂತೆ ಕಂಡರೂ ಅರ್ಥ ಸರಳ. 1000 ಎಂಬುದು ಸೆಕೆಂಡಿಗೆ ಸಾವಿರ ಮೆಗಾಬಿಟ್ ವೇಗವನ್ನು ಸೂಚಿಸುತ್ತದೆ. ಕೊನೆಯ ಅಕ್ಷರ, ಪಿಸಿಐ ಎಕ್ಸ್‌ಪ್ರೆಸ್ ಎಂಬ ಹೊಸ ಬಗೆಯ ಜೋಡಣೆಯನ್ನು. 2008ರ ಜನವರಿಯಲ್ಲಿ ಹೊರಬಂದ 2.6.24ನೆಯ ಕರ್ನೆಲ್ಲಿನಲ್ಲಿ ಇದು ಮೊದಲು ಸೇರಿತು. ಆ ಕಾಲದ ಎಷ್ಟೋ ಮೇಜುಯಂತ್ರಗಳಲ್ಲಿ, ಲ್ಯಾಪ್‌ಟಾಪುಗಳಲ್ಲಿ ಇದ್ದದ್ದು ಇಂಟೆಲ್ಲಿನ ಕಾರ್ಡೇ ಆದುದರಿಂದ ಈ ಡ್ರೈವರಿನ ಸಂಸಾರ ದೊಡ್ಡದು.

ಪ್ರತಿಯೊಂದು ಕಾರ್ಡಿಗೂ ಒಂದು ಜಾತಕವಿರುತ್ತದೆ. ವಿದ್ಯುತ್ತು ಹೋದರೂ ಅಳಿಯದ ಸಣ್ಣದೊಂದು ಮೆಮೊರಿಯಲ್ಲಿ ಅದನ್ನು ಕಾರ್ಖಾನೆಯಲ್ಲಿಯೇ ಬರೆದಿಡುತ್ತಾರೆ. ಕಾರ್ಡಿನ ವಿಳಾಸ ಅದರಲ್ಲಿರುತ್ತದೆ. 48 ಬಿಟ್‌ಗಳ ಈ ವಿಳಾಸದ ಮೊದಲರ್ಧ ತಯಾರಕರ ಗುರುತು, ಎರಡನೆಯರ್ಧ ಆ ಕಾರ್ಡಿಗೇ ಮೀಸಲಾದ ಸಂಖ್ಯೆ. ಇನ್ನೂ ಹಲವು ಅಳತೆಗಳು, ಆಯ್ಕೆಗಳು ಅದರಲ್ಲಿರುತ್ತವೆ. ಜಾತಕ ಕೆಟ್ಟಿದೆಯೆ ಎಂದು ತಿಳಿಯಲು ತಾಳೆಯ ಲೆಕ್ಕವೊಂದುಂಟು. ಮೊದಲ 64 ಪದಗಳನ್ನು ಕೂಡಿಸಿ, ಮೇಲಕ್ಕೆ ಉಕ್ಕಿದ್ದನ್ನು ಬಿಟ್ಟರೆ, ಮೊತ್ತ 47802 ಬರತಕ್ಕದ್ದು. ಎಂಜಿನಿಯರುಗಳು ಬಳಸುವ ಹದಿನಾರರ ಮಗ್ಗಿಯ ಬರಹದಲ್ಲಿ ಈ ಸಂಖ್ಯೆ ‘ಬಿ, ಎ, ಬಿ, ಎ’ ಎಂದಾಗುತ್ತದೆ. ಹಾಸ್ಯಪ್ರವೃತ್ತಿ ಎಂಜಿನಿಯರುಗಳಿಗೂ ಇಲ್ಲದಿಲ್ಲ. ಮೊತ್ತ ತಾಳೆಯಾಗದಿದ್ದರೆ ಡ್ರೈವರ್ ಆ ಕಾರ್ಡನ್ನು ಮುಟ್ಟುವುದಕ್ಕೇ ಒಪ್ಪುವುದಿಲ್ಲ.

ಇನ್ನು ಕಥೆ. ಹೊಸ ಕರ್ನೆಲ್ ಹೊರಬರುವ ಮುನ್ನ ಅದರ ಕರಡನ್ನು ಜಗತ್ತಿನಾದ್ಯಂತ ಅನೇಕರು ತಮ್ಮ ತಮ್ಮ ಯಂತ್ರಗಳಲ್ಲಿ ನಡೆಸಿ ನೋಡುತ್ತಾರೆ. ಇವರಲ್ಲಿ ಬಹುಮಂದಿಗೆ ಇದಕ್ಕಾಗಿ ಸಂಬಳವಿಲ್ಲ. ಊರಿನ ಬಾವಿಯ ನೀರನ್ನು ಮೊದಲು ತಾವು ಕುಡಿದು ನೋಡುವ ಹಿರಿಯರಂತೆ, ಉಳಿದವರಿಗೆ ಕೇಡಾಗದಿರಲೆಂದು ಮುಂದೆ ಬರುವವರು ಇವರು. 2008ರ ಸೆಪ್ಟೆಂಬರಿನಲ್ಲಿ 2.6.27ನೆಯ ಕರ್ನೆಲ್ಲಿನ ಕರಡುಗಳನ್ನು ಪರೀಕ್ಷಿಸುತ್ತಿದ್ದ ಕೆಲವರಿಗೆ ವಿಚಿತ್ರವಾದ ಅನುಭವವಾಯಿತು. ಯಂತ್ರವನ್ನು ಮರಳಿ ಚಾಲೂ ಮಾಡಿದಾಗ ನೆಟ್‌ವರ್ಕ್ ಇಲ್ಲ. ಜಾತಕದ ಮೊತ್ತ ತಾಳೆಯಾಗುತ್ತಿಲ್ಲವೆಂದು ಡ್ರೈವರ್ ಸಾರುತ್ತಿದೆ. ಹಳೆಯ ಕರ್ನೆಲ್ಲಿಗೆ ಹಿಂದಿರುಗಿದರೂ ಫಲವಿಲ್ಲ. ಕಾರ್ಡಿನ ಜಾತಕವೇ ಅಳಿಸಿಹೋಗಿತ್ತು.

ಸಾಮಾನ್ಯವಾಗಿ ಪ್ರೋಗ್ರಾಮಿನ ದೋಷದಿಂದ ಪ್ರೋಗ್ರಾಮು ನಿಲ್ಲುತ್ತದೆ. ಯಂತ್ರವನ್ನು ಆರಿಸಿ ಹೊತ್ತಿಸಿದರೆ ಎಲ್ಲವೂ ಮೊದಲಿನಂತಾಗುತ್ತದೆ. ಇಲ್ಲಿ ಹಾಗಲ್ಲ. ಬರೆದ ಆದೇಶಗಳ ತಪ್ಪಿಗೆ ಯಂತ್ರದ ಅಂಗವೇ ಬಲಿಯಾಗಿತ್ತು. ಜಾತಕದ ಪ್ರತಿಯೊಂದನ್ನು ಮುಂಚಿತವಾಗಿ ತೆಗೆದಿಟ್ಟುಕೊಂಡಿದ್ದ ಜಾಣರಿಗೆ ಅದನ್ನು ಮರಳಿ ಬರೆಯುವ ಆಸೆಯಾದರೂ ಇತ್ತು. ಉಳಿದವರು ಯಂತ್ರವನ್ನು ತಯಾರಕರಿಗೆ ಹಿಂದಕ್ಕೆ ಕಳುಹಿಸಬೇಕಾಗಿತ್ತು. ಲಿನಕ್ಸನ್ನು ಹಂಚುವ ಓಪನ್‌ಸೂಸೆ, ಫೆಡೋರಾ, ಮಾಂಡ್ರಿವಾ ಮೊದಲಾದ ಬಳಗಗಳು ಎಚ್ಚರಿಕೆಯ ಪ್ರಕಟಣೆ ಹೊರಡಿಸಿದವು. ಉಬುಂಟು ಬಳಗ ತನ್ನ ಪರೀಕ್ಷಾ ಆವೃತ್ತಿಯಲ್ಲಿ ಆ ಡ್ರೈವರನ್ನೇ ನಿಲ್ಲಿಸಿಬಿಟ್ಟಿತು.

ಅಪರಾಧಿ ಯಾರು? ಕಾರ್ಡು ಕೆಟ್ಟಿದೆ, ಕಾರ್ಡನ್ನು ಮುಟ್ಟುವ ಅಧಿಕಾರವಿದ್ದವನು ಡ್ರೈವರ್. ಇನ್ನೇನು ಬೇಕು? ಎಲ್ಲರ ಬೆರಳೂ ‘ಇ1000ಇ’ಯತ್ತ ತಿರುಗಿತು. ಹಲವರು ಅದರ ಮೂಲಪಾಠವನ್ನು ಸಾಲುಸಾಲಾಗಿ ಓದತೊಡಗಿದರು. ಇಂಟೆಲ್ಲಿನ ನೌಕರರಲ್ಲದ ಥಾಮಸ್ ಗ್ಲೈಕ್ಸ್‌ನರ್ ಎಂಬ ಜರ್ಮನಿಯ ಪ್ರೋಗ್ರಾಮುಗಾರರೂ ಅವರಲ್ಲೊಬ್ಬರು. ಜಾತಕದ ಮೆಮೊರಿಯನ್ನು ಮುಟ್ಟುವಾಗ ಇಬ್ಬರು ಏಕಕಾಲದಲ್ಲಿ ಒಳಹೊಕ್ಕರೆ ತಡೆಯಲು ಅಲ್ಲಿ ಸರಿಯಾದ ಏರ್ಪಾಡಿರಲಿಲ್ಲ. ಈ ದೋಷ ನಿಜವಾದದ್ದು, ಅದನ್ನು ತಿದ್ದಲಾಯಿತು. ಆದರೆ ಅಸಲು ರೋಗಕ್ಕೆ ಅದೇ ಮೂಲವೆಂದು ಖಚಿತವಾಗಲಿಲ್ಲ.

ಎರಡನೆಯ ಅನುಮಾನ, ಪರದೆಯ ಮೇಲೆ ಚಿತ್ರ ಮೂಡಿಸುವ ‘ಎಕ್ಸ್’ ಎಂಬ ಪ್ರೋಗ್ರಾಮಿನ ಮೇಲೆ ಹೋಯಿತು. ಅದಕ್ಕೂ ಯಂತ್ರಭಾಗಗಳನ್ನು ನೇರವಾಗಿ ಮುಟ್ಟುವ ಅಧಿಕಾರವಿತ್ತು. ಅದು ದಾರಿತಪ್ಪಿ ನೆರೆಮನೆಯ ಬಾಗಿಲನ್ನು ತಟ್ಟಿರಬಹುದೆ? ಈ ದಾರಿಯಲ್ಲಿಯೂ ಹುಡುಕಾಟ ಸಾಗಿತು, ಕಳ್ಳ ಸಿಗಲಿಲ್ಲ.

ಅಷ್ಟರಲ್ಲಿ ಇಂಟೆಲ್ಲಿನವರು ಒಂದು ವಿವೇಕದ ಕೆಲಸ ಮಾಡಿದರು. ಕಳ್ಳ ಯಾರೆಂದು ತಿಳಿಯುವವರೆಗೂ ಕಾಯದೆ ಪೆಟ್ಟಿಗೆಗೆ ಬೀಗ ಹಾಕಿದರು. ಜಾತಕದ ಮೆಮೊರಿಗೆ ಯಾರೇ ಬರೆಯಲೆಳಸಿದರೂ ಯಂತ್ರವು ಅದನ್ನು ಲೆಕ್ಕಿಸದಿರುವಂತೆ ಡ್ರೈವರಿನಲ್ಲಿ ಏರ್ಪಾಡು ಮಾಡಿದರು. ಆ ಬೀಗವಾದರೂ ಎಂಥದು! ಒಮ್ಮೆ ಬಿದ್ದರೆ, ಯಂತ್ರಕ್ಕೆ ವಿದ್ಯುತ್ತು ಕಡಿದು ಮರಳಿ ಕೊಡುವವರೆಗೂ ಅದು ತೆಗೆಯುವುದಿಲ್ಲ. 2.6.27ನೆಯ ಕರ್ನೆಲ್ ಈ ಬೀಗದ ಸಮೇತ 2008ರ ಅಕ್ಟೋಬರ್ 9ರಂದು ಹೊರಬಂದಿತು. ರೋಗಿಗಳ ಪ್ರಾಣವೇನೋ ಉಳಿಯಿತು; ರೋಗದ ಹೆಸರು ಮಾತ್ರ ಇನ್ನೂ ತಿಳಿದಿರಲಿಲ್ಲ. ಹೆಸರು ತಿಳಿಯದ ರೋಗ ನಾಳೆ ಇನ್ನಾವ ಅಂಗವನ್ನು ಹಿಡಿಯುವುದೋ ಬಲ್ಲವರು ಯಾರು? ಹುಡುಕಾಟ ನಿಲ್ಲುವಂತಿರಲಿಲ್ಲ.

ಇಂಥ ಶೋಧಕ್ಕೆ ಲಿನಕ್ಸಿನವರ ಬಳಿ ಒಂದು ಒಳ್ಳೆಯ ಉಪಾಯವುಂಟು. ಕರ್ನೆಲ್ಲಿನಲ್ಲಿ ಆಗುವ ಪ್ರತಿಯೊಂದು ತಿದ್ದುಪಡಿಯೂ ಮಾಡಿದವರ ಹೆಸರಿನೊಡನೆ, ದಿನಾಂಕದೊಡನೆ ದಾಖಲಾಗಿರುತ್ತದೆ. ಅದಕ್ಕಾಗಿ ಟೋರ್ವಾಲ್ಡ್ಸರೇ 2005ರಲ್ಲಿ ‘ಗಿಟ್’ ಎಂಬ ಸಾಧನವನ್ನು ನಿರ್ಮಿಸಿದ್ದರು. ಹಿಂದಿನ ಕರ್ನೆಲ್ ಚೆನ್ನಾಗಿತ್ತು, ಹೊಸದು ಕೆಟ್ಟಿದೆ ಎಂದಾದರೆ ನಡುವಣ ತಿದ್ದುಪಡಿಗಳಲ್ಲಿ ಎಲ್ಲಿಯೋ ಕೇಡಿದೆ. ಮೊದಲು ನಟ್ಟನಡುವಿನ ಸ್ಥಿತಿಯನ್ನು ಪರೀಕ್ಷಿಸುವುದು. ಅಲ್ಲಿ ಚೆನ್ನಾಗಿದ್ದರೆ ಕೇಡು ಮುಂದಿನರ್ಧದಲ್ಲಿ, ಕೆಟ್ಟಿದ್ದರೆ ಹಿಂದಿನರ್ಧದಲ್ಲಿ. ಮತ್ತೆ ಆ ಅರ್ಧದ ನಡು. ಹೀಗೆ ಇಬ್ಭಾಗ ಮಾಡುತ್ತ ಹೋದರೆ ಹತ್ತು ಸಾವಿರ ತಿದ್ದುಪಡಿಗಳಿದ್ದರೂ 14 ಪರೀಕ್ಷೆಗಳೊಳಗೆ ಒಂದೇ ಒಂದರ ಮೇಲೆ ಬೆರಳಿಡಬಹುದು. ನಿಘಂಟಿನಲ್ಲಿ ಪದ ಹುಡುಕುವವರು ಮಾಡುವುದೂ ಇದನ್ನೇ ತಾನೆ?

ಆದರೆ ಈ ಉಪಾಯ ಇಲ್ಲಿ ಕ್ರೂರವಾಗಿ ಪರಿಣಮಿಸಿತು. ‘ಕೆಟ್ಟಿದೆ’ ಎಂಬ ಪ್ರತಿಯೊಂದು ಉತ್ತರಕ್ಕೂ ಒಂದು ಕಾರ್ಡು ಆಹುತಿಯಾಗಬೇಕು. ‘ಚೆನ್ನಾಗಿದೆ’ ಎಂಬ ಉತ್ತರವನ್ನೂ ನಂಬುವಂತಿರಲಿಲ್ಲ. ಕೇಡು ಪ್ರತಿಸಲವೂ ಕಾಣಿಸಿಕೊಳ್ಳುತ್ತಿರಲಿಲ್ಲವಾದ್ದರಿಂದ ಇಂದು ಬದುಕಿದ ಕಾರ್ಡು ನಾಳೆ ಸಾಯಬಹುದು. ತನ್ನ ಸ್ವಂತ ದುಡ್ಡಿನ ಲ್ಯಾಪ್‌ಟಾಪನ್ನು ಹೀಗೆ ಬಲಿಗೊಡಲು ಯಾವ ಗೃಹಸ್ಥ ಮುಂದೆ ಬಂದಾನು? ಕೊನೆಗೆ ಈ ಹೊರೆಯನ್ನು ಹೊತ್ತವರು ಇಂಟೆಲ್ಲಿನ ಎಂಜಿನಿಯರುಗಳೇ. ತಮ್ಮ ಪ್ರಯೋಗಶಾಲೆಯಲ್ಲಿ ಕಾರ್ಡುಗಳನ್ನು ಒಂದರ ಮೇಲೊಂದರಂತೆ ಬಲಿಯಿತ್ತು ಅವರು ಇಬ್ಭಾಗಿಸುತ್ತ ಹೋದರು. ಹಲವು ಕಾರ್ಡುಗಳು ಸತ್ತ ತರುವಾಯ ಬೆರಳು ಒಂದು ಹೆಸರಿನ ಮೇಲೆ ನಿಂತಿತು. ಅದು ಡ್ರೈವರಿನ ಹೆಸರಲ್ಲ, ‘ಎಕ್ಸ್’ನ ಹೆಸರೂ ಅಲ್ಲ. ನೆಟ್‌ವರ್ಕಿಗೂ ಅದಕ್ಕೂ ಯಾವ ನಂಟೂ ಇರಲಿಲ್ಲ.

ಆ ಹೆಸರು ‘ಎಫ್‌ಟ್ರೇಸ್’. ಕರ್ನೆಲ್ಲಿನ ಯಾವ ಭಾಗ ಯಾವಾಗ ಕೆಲಸ ಮಾಡಿತು, ಎಷ್ಟು ಹೊತ್ತು ತೆಗೆದುಕೊಂಡಿತು ಎಂದು ಗಮನಿಸಿ ಬರೆದಿಡುವ ಕಾವಲುಗಾರ ಅದು. ತಪ್ಪುಗಳನ್ನು ಹುಡುಕುವವರ ನೆರವಿಗೆಂದೇ 2.6.27ನೆಯ ಕರ್ನೆಲ್ಲಿಗೆ ಹೊಸದಾಗಿ ಸೇರಿದ್ದು. ಬರೆದವರಲ್ಲಿ ಮುಖ್ಯರಾದವರು ಸ್ಟೀವನ್ ರೋಸ್ಟೆಡ್. ದೋಷವನ್ನು ಹಿಡಿಯಲೆಂದು ನೇಮಿಸಿದ ಕಾವಲುಗಾರನೇ ದೋಷಿ! ಬೇಲಿ ಎದ್ದು ಹೊಲ ಮೇಯ್ದರೆ ಕಾಯುವವರಾರು ಎಂಬ ಮಾತು ಇದಕ್ಕಿಂತ ಚೆನ್ನಾಗಿ ಬೇರೆಲ್ಲಿ ಒಪ್ಪೀತು?

ಬೇಲಿ ಎದ್ದುದಾದರೂ ಹೇಗೆ? ಕರ್ನೆಲ್ಲಿನ ಆದೇಶಗಳನ್ನು ಸಣ್ಣ ಸಣ್ಣ ಪ್ರಕರಣಗಳಾಗಿ ವಿಂಗಡಿಸಿರುತ್ತಾರೆ. ಕಾವಲನ್ನು ಹೂಡಿದಾಗ ಪ್ರತಿಯೊಂದು ಪ್ರಕರಣದ ಬಾಗಿಲಲ್ಲಿಯೂ ‘ಕಾವಲುಗಾರನಿಗೆ ಹೇಳಿ ಒಳಗೆ ಹೋಗು’ ಎಂಬ ಐದು ಬೈಟ್‌ಗಳ ಆದೇಶವೊಂದು ಸೇರುತ್ತದೆ. ಸದಾಕಾಲ ಹೀಗೆ ಹೇಳಿ ಹೋಗುವುದಾದರೆ ಯಂತ್ರ ನಿಧಾನವಾಗುತ್ತದೆ. ಅದಕ್ಕಾಗಿ ಒಂದು ಯುಕ್ತಿ ಹೂಡಿದರು. ಮೊದಲ ಸಲ ಹೇಳಿದಾಗ ಆ ಬಾಗಿಲಿನ ವಿಳಾಸವನ್ನು ಪಟ್ಟಿಯಲ್ಲಿ ಬರೆದುಕೊಳ್ಳುವುದು. ಆಮೇಲೆ ಸೆಕೆಂಡಿಗೊಮ್ಮೆ ಎದ್ದು, ಪ್ರೊಸೆಸರುಗಳನ್ನೆಲ್ಲ ಕ್ಷಣಕಾಲ ನಿಲ್ಲಿಸಿ, ಪಟ್ಟಿಯಲ್ಲಿರುವ ಬಾಗಿಲುಗಳಿಗೆ ಹೋಗಿ ಆ ಆದೇಶವನ್ನು ಅಳಿಸಿ, ‘ಏನೂ ಮಾಡಬೇಡ’ ಎಂಬ ಆದೇಶವನ್ನು ಬರೆದು ಬರುವುದು. ಕಾವಲು ಬೇಕೆನಿಸಿದಾಗ ಮತ್ತೆ ಮೊದಲಿನಂತೆ ಬರೆದರಾಯಿತು.

ಈ ಯುಕ್ತಿಯಲ್ಲಿ ಒಂದು ಮರೆವು ನುಸುಳಿತ್ತು. ಕರ್ನೆಲ್ಲಿನ ಕೆಲವು ಭಾಗಗಳು ಬಾಡಿಗೆಯವರಿದ್ದಂತೆ. ಬೇಕಾದಾಗ ಬಂದು, ಕೆಲಸ ಮುಗಿದ ಮೇಲೆ ಮನೆ ಖಾಲಿ ಮಾಡುತ್ತವೆ. ಹಾಗೆ ಖಾಲಿ ಮಾಡಿದವರ ವಿಳಾಸವನ್ನು ಕಾವಲುಗಾರನ ಪಟ್ಟಿಯಿಂದ ತೆಗೆಯಬೇಕಾಗಿತ್ತು, ತೆಗೆಯಲಿಲ್ಲ. 32 ಬಿಟ್‌ನ ಯಂತ್ರಗಳಲ್ಲಿ ವಿಳಾಸಗಳಿಗೆ ಬರ. ಬಾಡಿಗೆಯವರ ಮನೆಗಳೂ, ಕಾರ್ಡಿನಂಥ ಉಪಕರಣಗಳ ಕಚೇರಿಗಳೂ ಒಂದೇ ಬೀದಿಯಲ್ಲಿರುತ್ತವೆ. ನಿನ್ನೆ ಬಾಡಿಗೆಯವನಿದ್ದ ಮನೆಗೆ ಇಂದು ನೆಟ್‌ವರ್ಕ್ ಕಾರ್ಡಿನ ಕಚೇರಿ ಬಂದು ಕುಳಿತಿರಬಹುದು. ಕಾವಲುಗಾರ ಮಾತ್ರ ಹಳೆಯ ಪಟ್ಟಿಯನ್ನೇ ಹಿಡಿದು ಆ ಬಾಗಿಲಿಗೆ ಹೋಗುತ್ತಿದ್ದ.

ಹೋದರೆ ಹೋಗಲಿ, ಅಲ್ಲಿ ಬೇರೆಯವರಿರುವುದನ್ನು ಕಂಡು ಹಿಂದಿರುಗಬಾರದೆ? ಕಥೆಯ ಮರ್ಮವಿರುವುದು ಇಲ್ಲಿಯೇ. ಹಾಗೆ ಹಿಂದಿರುಗಲೆಂದೇ ರೋಸ್ಟೆಡ್ ಒಂದು ರಕ್ಷೆಯನ್ನು ಇಟ್ಟಿದ್ದರು. ಪ್ರೊಸೆಸರಿನಲ್ಲಿ ‘ಹೋಲಿಸಿ ಬದಲಾಯಿಸು’ ಎಂಬ ಆಜ್ಞೆಯೊಂದುಂಟು. ಅಲ್ಲಿರುವುದು ನಿರೀಕ್ಷಿಸಿದ ಆದೇಶವೇ ಆಗಿದ್ದರೆ ಹೊಸದನ್ನು ಬರೆ, ಬೇರೆಯಾಗಿದ್ದರೆ ಇದ್ದದ್ದನ್ನು ಇದ್ದಂತೆಯೇ ಬಿಡು ಎಂಬುದು ಅದರ ತಾತ್ಪರ್ಯ. ಆದರೆ ಇಂಟೆಲ್ ಬಗೆಯ ಪ್ರೊಸೆಸರುಗಳು ‘ಇದ್ದಂತೆಯೇ ಬಿಡುವ’ ರೀತಿ ಒಂದು ವಿಶೇಷ. ಹೋಲಿಕೆ ತಪ್ಪಿದಾಗಲೂ ಅವು ಸುಮ್ಮನೆ ಹಿಂದಿರುಗುವುದಿಲ್ಲ. ಓದಿದ್ದನ್ನೇ ಮತ್ತೆ ಅಲ್ಲಿಗೆ ಬರೆಯುತ್ತವೆ. ಸಾಧಾರಣ ಮೆಮೊರಿಯಲ್ಲಿ ಇದರಿಂದ ಕೇಡಿಲ್ಲ. ಗೂಡಿನಲ್ಲಿದ್ದ ಚೆಂಬನ್ನು ಎತ್ತಿ ನೋಡಿ ಅಲ್ಲಿಯೇ ಇಟ್ಟರೆ ಹಾನಿಯೇನು?

ಉಪಕರಣದ ವಿಳಾಸ ಗೂಡಲ್ಲ. ಅಲ್ಲಿಗೆ ಬರೆದದ್ದು ಸಾಮಾನಾಗಿ ಕೂರುವುದಿಲ್ಲ. ಅಪ್ಪಣೆಯಾಗಿ ಕೆಲಸ ಮಾಡುತ್ತದೆ. ಏನು ಬರೆದರೆಂಬುದಕ್ಕಿಂತ ಬರೆದರೆಂಬುದೇ ಅಲ್ಲಿ ಮುಖ್ಯ. ಅಂಥ ಸ್ಥಳದಲ್ಲಿ ಈ ಆಜ್ಞೆಯನ್ನು ನಡೆಸಿದರೆ ಏನಾದೀತೆಂದು ಹೇಳುವಂತೆಯೇ ಇಲ್ಲ. ಕಾವಲುಗಾರ ಬಾಗಿಲಲ್ಲಿ ನಿಂತು ‘ಇದು ನಾನು ಹುಡುಕಿದ ಮನೆಯಲ್ಲ’ ಎಂದುಕೊಂಡು ಹಿಂದಿರುಗುವ ಹೊತ್ತಿಗೆ ಒಳಗೆ ಜಾತಕ ಕೆಟ್ಟಿರುತ್ತಿತ್ತು. ಜೋಪಾನಕ್ಕೆಂದು ಇಟ್ಟ ರಕ್ಷೆಯೇ ಗಾಯ ಮಾಡಿತು. ಹಳೆಯ ವಿಳಾಸವೂ ಕಾರ್ಡಿನ ಕಚೇರಿಯೂ ಕಾಕತಾಳೀಯವಾಗಿ ಒಂದೇ ಕಡೆ ಬಿದ್ದಾಗ ಮಾತ್ರ ಇದು ಸಂಭವಿಸುತ್ತಿತ್ತು. ಆದ್ದರಿಂದಲೇ ಕೇಡು ಕೆಲವರಿಗೆ ಕಾಣಿಸಿಕೊಂಡು ಕೆಲವರನ್ನು ಬಿಟ್ಟದ್ದು. ಆದ್ದರಿಂದಲೇ ಕಳ್ಳ ಅಷ್ಟು ದಿನ ಸಿಗದೆ ಹೋದದ್ದು.

2008ರ ಅಕ್ಟೋಬರ್ 15ರಂದು ಹೊರಬಂದ 2.6.27.1ನೆಯ ಕರ್ನೆಲ್ಲಿನಲ್ಲಿ ಆ ಯುಕ್ತಿಯನ್ನು ‘ಮುರಿದದ್ದು’ ಎಂದು ಗುರುತಿಸಿ ಯಾರೂ ಬಳಸದಂತೆ ನಿಲ್ಲಿಸಲಾಯಿತು. ನಿಲ್ಲಿಸುವ ತಿದ್ದುಪಡಿಯನ್ನು ಬರೆದು ಕಳುಹಿಸಿದವರು ರೋಸ್ಟೆಡ್ ಅವರೇ. ಆ ತಿದ್ದುಪಡಿ ಹೆಚ್ಚೆಂದರೆ ಒಂದು ಸಾಲಿನದು. ಅದರ ಜೊತೆಗೆ ಬರೆದ ವಿವರಣೆ ದೀರ್ಘವಾದದ್ದು. ಕಾವಲಿನ ರೀತಿ ಏನು, ಅದು ಹಾಗೇಕೆ ಬೆಳೆಯಿತು, ಪಟ್ಟಿಯಿಂದ ವಿಳಾಸ ತೆಗೆಯದೆ ಹೋದದ್ದೇ ದೋಷ, ಕೊನೆಯ ರಕ್ಷೆಯೆಂದು ಇಟ್ಟದ್ದು ಇಲ್ಲಿ ಹೇಗೆ ತಿರುಗಿಬಿತ್ತು ಎಂಬುದನ್ನೆಲ್ಲ ಅವರು ಹೆಜ್ಜೆಹೆಜ್ಜೆಯಾಗಿ ವಿವರಿಸಿದರು. ಅದರಲ್ಲಿ ನೆಪವಿಲ್ಲ, ಇನ್ನೊಬ್ಬರ ಮೇಲೆ ಹೊರಿಸುವ ಮಾತಿಲ್ಲ. ಆ ವಿವರಣೆ ಕರ್ನೆಲ್ಲಿನ ದಾಖಲೆಯಲ್ಲಿ ಅವರ ಹೆಸರಿನೊಡನೆ ಇಂದಿಗೂ ಓದಲು ಸಿಗುತ್ತದೆ.

2008ರ ಡಿಸೆಂಬರಿನಲ್ಲಿ ಬಂದ 2.6.28ನೆಯ ಕರ್ನೆಲ್ಲಿನಲ್ಲಿ ಕಾವಲುಗಾರ ಮರಳಿ ಬಂದ. ಈ ಸಲ ಬೇರೆಯೇ ನಡತೆಯಲ್ಲಿ. ಬಾಗಿಲುಗಳ ಪಟ್ಟಿಯನ್ನು ಯಂತ್ರ ಓಡುತ್ತಿರುವಾಗ ಸಂಗ್ರಹಿಸದೆ ಕರ್ನೆಲ್ಲನ್ನು ಕಟ್ಟುವಾಗಲೇ ಸಿದ್ಧಪಡಿಸಲಾಯಿತು. ಸೆಕೆಂಡಿಗೊಮ್ಮೆ ಏಳುವ ಪದ್ಧತಿ ಹೋಯಿತು. ಆ ಅಪಾಯದ ಆಜ್ಞೆ ಹೋಯಿತು. ನಿರೀಕ್ಷೆಗೆ ತುಸು ವ್ಯತ್ಯಾಸ ಕಂಡರೂ ಕೂಗಿ ಎಚ್ಚರಿಸಿ ತನ್ನನ್ನು ತಾನೇ ನಿಲ್ಲಿಸಿಕೊಳ್ಳುವ ವಿನಯವನ್ನು ಅದಕ್ಕೆ ಕಲಿಸಿದರು. ತಪ್ಪುಗಳನ್ನು ಹುಡುಕುವವರು ಇಂದು ಪ್ರತಿದಿನವೆಂಬಂತೆ ಬಳಸುವ ಉಪಕರಣಗಳಲ್ಲಿ ಎಫ್‌ಟ್ರೇಸ್ ಒಂದು.

ಈ ಕಥೆಯನ್ನು ಕೇಳಿ, ತೆರೆದ ಮೂಲಪಾಠವಿದ್ದರೂ ದೋಷ ಹೊಕ್ಕಿತಲ್ಲ, ಅಷ್ಟು ಕಣ್ಣುಗಳಿದ್ದೂ ಏನು ಫಲ ಎಂದು ಕೇಳುವವರಿರಬಹುದು. ಪ್ರಶ್ನೆ ನ್ಯಾಯವಾದುದೇ. ಮುಕ್ತವಾಗಿ ಬರೆದ ಮಾತ್ರಕ್ಕೆ ತಪ್ಪು ಬಾರದಿರುವುದಿಲ್ಲ. ಎಷ್ಟೋ ಜನ ಓದಿದ ಮೇಲೂ ಆ ಆಜ್ಞೆಯ ಗುಣ ಯಾರಿಗೂ ಹೊಳೆಯಲಿಲ್ಲ. ಅದರ ದಂಡವನ್ನು ತೆತ್ತವರು, ಯಾವ ತಪ್ಪನ್ನೂ ಮಾಡದೆ, ಪರೀಕ್ಷಿಸಿ ಉಪಕಾರ ಮಾಡಲು ಬಂದವರು. ಇದನ್ನು ಮರೆತು ಮುಕ್ತಪದ್ಧತಿಯನ್ನು ಹೊಗಳುವುದು ಸಲ್ಲದು.

ಆದರೆ ಇನ್ನೊಂದು ಮಾತನ್ನೂ ತೂಗಿ ನೋಡಬೇಕು. ಡ್ರೈವರಿನ ಮೂಲಪಾಠ ಇಂಟೆಲ್ಲಿನ ಕಪಾಟಿನಲ್ಲಿಯೂ, ಕರ್ನೆಲ್ಲಿನ ಮೂಲಪಾಠ ಇನ್ನೊಂದು ಕಂಪನಿಯ ಕಪಾಟಿನಲ್ಲಿಯೂ ಭದ್ರವಾಗಿದ್ದಿದ್ದರೆ ಆಗುತ್ತಿದ್ದುದೇನು? ಕಾರ್ಡು ಮಾಡಿದವರು ಕರ್ನೆಲ್ಲಿನವರನ್ನು ದೂರುತ್ತಿದ್ದರು. ಕರ್ನೆಲ್ಲಿನವರು ಕಾರ್ಡನ್ನು ದೂರುತ್ತಿದ್ದರು. ಇಬ್ಬರ ಕೈಯಲ್ಲಿಯೂ ಅರ್ಧರ್ಧ ಕಥೆ. ಎಮ್ಮೆಗೆ ಬರೆ ಬೀಳುತ್ತಲೇ ಇರುತ್ತಿತ್ತು, ಎತ್ತಿನ ಜ್ವರ ಇಳಿಯುತ್ತಿರಲಿಲ್ಲ. ಇಲ್ಲಿ ಇಂಟೆಲ್ಲಿನ ಎಂಜಿನಿಯರು ತನ್ನದಲ್ಲದ ಕಾವಲಿನ ಮೂಲಪಾಠದವರೆಗೂ ಹೋಗಿ ಬೆರಳಿಡಲು ಸಾಧ್ಯವಾಯಿತು. ಕಾವಲನ್ನು ಬರೆದವರು ತಮ್ಮ ಕೆಲಸವನ್ನು ಅದೇ ಬೆಳಕಿನಲ್ಲಿ ಮರಳಿ ನೋಡಿಕೊಳ್ಳಲು ಸಾಧ್ಯವಾಯಿತು. ಗಾಯವಿರುವ ಕಡೆಯಲ್ಲಿಯೇ ದೋಷವಿರುವುದಿಲ್ಲ. ದೋಷವನ್ನು ಹುಡುಕಹೊರಟವನಿಗೆ ಮನೆಯ ಎಲ್ಲ ಕೋಣೆಗಳ ಬೀಗದ ಕೈಯೂ ಬೇಕು.

ಇಲ್ಲದ ಆರೋಪವನ್ನು ಹೊತ್ತ ‘ಇ1000ಇ’ ಡ್ರೈವರಿಗೂ ಈ ಪ್ರಸಂಗದಿಂದ ನಷ್ಟವಾಗಲಿಲ್ಲ. ಅದರ ಮೇಲಿನ ಸಂದೇಹದಿಂದಾಗಿಯೇ ಹಲವರು ಅದನ್ನು ಓದಿದರು. ಓದಿದ್ದರಿಂದ ಅದರಲ್ಲಿ ನಿಜವಾಗಿ ಇದ್ದ ಸಣ್ಣ ದೋಷಗಳು ತಿದ್ದಿಕೊಂಡವು. ಆಗ ಹಾಕಿದ ಬೀಗ, ಕಳ್ಳ ಸಿಕ್ಕ ಮೇಲೂ ತೆಗೆಯದೆ, ಅಲ್ಲಿಯೇ ಇದೆ. ಒಬ್ಬ ಕಳ್ಳ ಸಿಕ್ಕನೆಂದು ಬಾಗಿಲು ತೆರೆದಿಟ್ಟು ಮಲಗುವ ಗೃಹಸ್ಥರುಂಟೆ?